ಕುದುರೆಯ ಪಕ್ಕದಲ್ಲಿ ನಡೆಯುವವರು

ಪ್ರಶ್ನೆ: ನನ್ನ ಮಗಳು ಸಂಸಾರ ಸಮೇತ ಅಮೆರಿಕದಲ್ಲಿದ್ದಾಳೆ. ಶನಿವಾರ ಬೆಳಗಾದರೆ ವಿಕಲಚೇತನ ಮಕ್ಕಳಿಗೆ ಕುದುರೆ ಸವಾರಿ ಮಾಡಿಸುವ ಸಂಸ್ಥೆಯೊಂದಕ್ಕೆ ಹೋಗಿ, ಕಾಸು ತೆಗೆದುಕೊಳ್ಳದೆ ಕುದುರೆಯ ಪಕ್ಕದಲ್ಲಿ ನಡೆದು ಬರುತ್ತಾಳೆ. ಅದು ಆಸ್ಪತ್ರೆಯಲ್ಲ, ರೇಸ್ ಕ್ಲಬ್ಬಲ್ಲ, ಲಾಭಕ್ಕೆ ನಡೆಸುವ ವ್ಯವಹಾರವೂ ಅಲ್ಲ ಎನ್ನುತ್ತಾಳೆ. ಹಾಗಾದರೆ ಇಂಥವನ್ನು ನಡೆಸುವವರು ಯಾರು? ವೈದ್ಯರೇ, ಕುದುರೆ ಪಳಗಿಸುವವರೇ, ದಾನಿಗಳೇ? ಕುದುರೆ ಹತ್ತಿಸಿದರೆ ಮಕ್ಕಳಿಗೆ ನಿಜವಾಗಿ ಗುಣವಾಗುತ್ತದೆಯೇ? ನಮ್ಮ ಕಡೆಯೂ ಇದು ಸಾಧ್ಯವೇ?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಮನೆಯಲ್ಲೇ ಇದೆ. ಇಂಥ ಸಂಸ್ಥೆಗಳನ್ನು ನಡೆಸುವವರಲ್ಲಿ ಬಹುಪಾಲು ಮಂದಿ ನಿಮ್ಮ ಮಗಳಂಥವರೇ. ಬೇರೆ ಉದ್ಯೋಗದಲ್ಲಿರುವವರು, ನಿವೃತ್ತರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ವಾರದಲ್ಲಿ ಒಂದಷ್ಟು ಹೊತ್ತು ಬಿಡುವು ಮಾಡಿಕೊಂಡು ಬರುತ್ತಾರೆ. ಅವರಿಗೆ ಕೆಲಸ ಹೇಳಿಕೊಡಲು ತರಬೇತಿ ಪಡೆದ ಕೆಲವೇ ಸಿಬ್ಬಂದಿ. ಎಲ್ಲರ ಮೇಲೆ ಲೆಕ್ಕಪತ್ರಕ್ಕೂ ಸುರಕ್ಷತೆಗೂ ಹೊಣೆಯಾಗುವ ಒಂದು ಆಡಳಿತ ಮಂಡಳಿ. ನೀವು ಹೆಸರಿಸಿದ ವೈದ್ಯಕೀಯ ಬಲ್ಲವರು, ಕುದುರೆ ಬಲ್ಲವರು, ದಾನಿಗಳು ಮೂವರೂ ಅಲ್ಲಿರುತ್ತಾರೆ. ಮೂವರಲ್ಲಿ ಯಾರೊಬ್ಬರೂ ತಾವೊಬ್ಬರೇ ಅದನ್ನು ನಡೆಸಲಾರರು.

ಈ ಕೆಲಸವನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಗಟ್ಟಿಯಾಗುತ್ತಾ ಹೋದ ಒಂದು ಅಭಿಪ್ರಾಯವಿದೆ. ಇಂಥ ಸಂಸ್ಥೆ ಎಷ್ಟು ಮಕ್ಕಳನ್ನು ಕುದುರೆ ಹತ್ತಿಸಿತು ಎಂಬ ಲೆಕ್ಕದಿಂದ ಅದರ ಯೋಗ್ಯತೆ ತಿಳಿಯುವುದಿಲ್ಲ. ಯಾವ ಮಗುವಿಗೆ, ಯಾವ ಕುದುರೆಗೆ, ಯಾವ ದಾನಕ್ಕೆ ‘ಬೇಡ’ ಎನ್ನುವ ಧೈರ್ಯ ಅದನ್ನು ನಡೆಸುವವರಿಗಿದೆ ಎಂಬುದನ್ನು ನೋಡಬೇಕು. ಹಾಗೇಕೆ ಎಂಬುದನ್ನು ವಿವರಿಸುತ್ತೇನೆ.

ಆರಂಭಿಸಿದವರು

ಈ ಕೆಲಸಕ್ಕೆ ಜಗತ್ತಿನ ಕಣ್ಣು ತೆರೆಸಿದವರು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. ಆಕೆ ಒಳ್ಳೆಯ ಸವಾರಿಣಿ. 1944ರಲ್ಲಿ, 23ನೆಯ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗ ಪೋಲಿಯೊ ತಗುಲಿತು. ಮಗು ಆರೋಗ್ಯವಾಗಿ ಹುಟ್ಟಿತು, ಆಕೆಯ ಕೈಗಳಿಗೆ ನಿಧಾನವಾಗಿ ಬಲ ಬಂತು. ಮೊಣಕಾಲಿನ ಕೆಳಗೆ ಮಾತ್ರ ಕೊನೆಯವರೆಗೂ ಸ್ವಾಧೀನ ಬರಲಿಲ್ಲ. ಆದರೂ ಆಕೆ ಮತ್ತೆ ಕುದುರೆ ಹತ್ತಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ (ಕುದುರೆಯನ್ನು ಶಿಸ್ತಿನ ಹೆಜ್ಜೆಗಳಲ್ಲಿ ನಡೆಸುವ) ಸ್ಪರ್ಧೆಗೆ ಮೊದಲ ಬಾರಿಗೆ ಮಹಿಳೆಯರನ್ನೂ ನಾಗರಿಕರನ್ನೂ ಸೇನಾಧಿಕಾರಿಗಳ ಜೊತೆ ಸ್ಪರ್ಧಿಸಲು ಬಿಟ್ಟಾಗ, ಜುಬಿಲಿ ಎಂಬ ಹೆಣ್ಣು ಕುದುರೆಯ ಮೇಲೆ ಬೆಳ್ಳಿ ಗೆದ್ದರು. ಕುದುರೆ ಹತ್ತಲು, ಇಳಿಯಲು ಆಕೆಗೆ ಇನ್ನೊಬ್ಬರ ಆಸರೆ ಬೇಕಿತ್ತು. ಪದಕದ ವೇದಿಕೆ ಏರುವಾಗ ಚಿನ್ನ ಗೆದ್ದಿದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ಕೈಕೊಟ್ಟರು. 1956ರಲ್ಲಿ ಆಕೆ ಎರಡನೆಯ ಬೆಳ್ಳಿಯನ್ನೂ ಗೆದ್ದರು.

ಪದಕದ ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಅದನ್ನು ಬೇರೆಯವರಿಗೂ ಉಪಯೋಗವಾಗುವ ಕೆಲಸವಾಗಿ ಬೆಳೆಸಿದವರು ಎಲ್ಸೆಬೆತ್ ಬೋಟ್ಕರ್‌ರಂಥ ಫಿಸಿಯೋಥೆರಪಿಸ್ಟ್‌ಗಳು. 1950ರ ದಶಕದಲ್ಲಿ ನಾರ್ವೆಯ ಬೋಟ್ಕರ್ ತಮ್ಮ ಬಳಿ ಚಿಕಿತ್ಸೆಗೆ ಬರುತ್ತಿದ್ದ ಮಕ್ಕಳಿಗೆ ಸವಾರಿ ಮಾಡಿಸತೊಡಗಿದರು. ಬ್ರಿಟನ್ನಿನಲ್ಲಿ 1960ರ ದಶಕದ ನಡುವಿಗೆ ಅಲ್ಲಲ್ಲಿ ಸಣ್ಣ ಗುಂಪುಗಳು ಹುಟ್ಟಿಕೊಂಡವು. ಅವೆಲ್ಲ ಒಂದು ಸಲಹಾ ಮಂಡಳಿಯಡಿ ಕೂಡಿ, 1969ರಲ್ಲಿ ‘ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್’ ಆಯಿತು. ಅದೇ ವರ್ಷ ಉತ್ತರ ಅಮೆರಿಕದಲ್ಲೂ ಇಂಥ ಕೇಂದ್ರಗಳ ಒಕ್ಕೂಟ ಹುಟ್ಟಿತು. ಮಿಷಿಗನ್ ರಾಜ್ಯದ ಆಗಸ್ಟಾದಲ್ಲಿ 1970ರಲ್ಲಿ ತೆರೆದ ಷೆಫ್ ಕೇಂದ್ರ ಅಮೆರಿಕದ ಆರಂಭದ ಕೇಂದ್ರಗಳಲ್ಲಿ ಒಂದು. ಒಕ್ಕೂಟದ ಇಂದಿನ ಹೆಸರು ‘ಪಾತ್ ಇಂಟರ್‌ನ್ಯಾಷನಲ್’. ಬೋಧಕರಿಗೆ ಪ್ರಮಾಣಪತ್ರ, ಕೇಂದ್ರಗಳಿಗೆ ಮಾನ್ಯತೆ, ಸುರಕ್ಷತೆಯ ನಿಯಮಾವಳಿ ಇವೆಲ್ಲ ಅಲ್ಲಿ ಬಹುಮಟ್ಟಿಗೆ ಅದರ ಕಡೆಯಿಂದ ಬರುತ್ತವೆ. ನಿಮ್ಮ ಮಗಳು ಹೋಗುವ ಕೇಂದ್ರವೂ ಅದರ ಸದಸ್ಯ ಸಂಸ್ಥೆಯಾಗಿರಬಹುದು, ಕೇಳಿ ನೋಡಿ.

ಆರಂಭಿಸಿದವರಲ್ಲಿ ದೊಡ್ಡ ಶ್ರೀಮಂತರು ವಿರಳ. ಮನೆಯಲ್ಲೇ ವಿಶೇಷ ಅಗತ್ಯದ ಮಗುವಿದ್ದ ತಂದೆ ತಾಯಿ, ಸವಾರಿ ಶಾಲೆ ನಡೆಸುತ್ತಿದ್ದವರು, ಆಸ್ಪತ್ರೆಯ ಕೊಠಡಿಯೊಳಗಿನ ವ್ಯಾಯಾಮದಿಂದ ಬೇಸತ್ತ ಮಕ್ಕಳನ್ನು ದಿನವೂ ನೋಡುತ್ತಿದ್ದ ಥೆರಪಿಸ್ಟ್‌ಗಳು, ಇಂಥವರೇ ಹೆಚ್ಚು. ಬ್ರಿಟನ್ನಿನಲ್ಲಿ ಇಂದು ನಾನೂರಕ್ಕೂ ಹೆಚ್ಚು ಸ್ಥಳೀಯ ಗುಂಪುಗಳಿವೆ. ಬಹುತೇಕ ಪ್ರತಿಯೊಂದೂ ತನ್ನದೇ ಸಮಿತಿ, ತನ್ನದೇ ಖಜಾಂಚಿ ಇರುವ ಪುಟ್ಟ ಸ್ವತಂತ್ರ ಧರ್ಮಸಂಸ್ಥೆ. 1985ರಿಂದ ಅಲ್ಲಿನ ಒಕ್ಕೂಟದ ಅಧ್ಯಕ್ಷೆಯಾಗಿರುವವರು ರಾಜಕುಮಾರಿ ಆ್ಯನ್. ಆದರೂ ಕೆಸರು ತುಳಿದು ದಿನದ ಕೆಲಸ ಮಾಡುವವರು ಸಾವಿರಾರು ಸಂಖ್ಯೆಯ ಸ್ವಯಂಸೇವಕರೇ.

ಒಂದು ಮಗು, ನಾಲ್ವರು ದೊಡ್ಡವರು

ಅಷ್ಟು ಜನ ಏಕೆ ಬೇಕು ಎಂಬುದು ಒಂದು ಪಾಠ ನೋಡಿದರೆ ತಿಳಿಯುತ್ತದೆ. ಮಗು ಕುದುರೆಯ ಮೇಲಿದೆ. ಕುದುರೆಯ ತಲೆಯ ಬಳಿ ಹಗ್ಗ ಹಿಡಿದು ಒಬ್ಬರು ನಡೆಯುತ್ತಾರೆ. ಅವರ ಕಣ್ಣು ಕಿವಿ ಎಲ್ಲ ಕುದುರೆಯ ಮೇಲೆ. ಎಡಬಲದಲ್ಲಿ ಇಬ್ಬರು ನಡೆಯುತ್ತಾರೆ. ನಿಮ್ಮ ಮಗಳ ಕೆಲಸ ಇದೇ ಇರಬೇಕು. ಅವರ ಗಮನವೆಲ್ಲ ಮಗುವಿನ ಮೇಲೆ. ಬೇಕಾದರೆ ಮಗುವಿನ ತೊಡೆಯ ಮೇಲೆ ತೋಳಿಟ್ಟು ಹಿಡಿದಿರುತ್ತಾರೆ, ಬೇಡವಾದರೆ ಸುಮ್ಮನೆ ಜೊತೆಗಿರುತ್ತಾರೆ. ನಾಲ್ಕನೆಯವರು ಬೋಧಕರು, ಅಂಗಳದ ನಡುವೆ ನಿಂತು ಪಾಠ ನಡೆಸುತ್ತಾರೆ. ಒಂದು ಮಗುವಿಗೆ ನಾಲ್ವರು ಎಂದಾದರೆ, ಒಂದು ಬೆಳಗ್ಗೆ ಹತ್ತು ಮಕ್ಕಳಿಗೆ ಎಷ್ಟು ಜನರ ಕೈ ಬೇಕು ಲೆಕ್ಕ ಹಾಕಿ. ಅದಕ್ಕೇ ದೊಡ್ಡ ಕೇಂದ್ರಗಳಲ್ಲಿ ಸ್ವಯಂಸೇವಕರನ್ನು ಹೊಂದಿಸುವುದೇ ಒಬ್ಬರ ಪೂರ್ಣಾವಧಿ ಉದ್ಯೋಗ. ಒಬ್ಬರಿಗೆ ಜ್ವರ ಬಂತು, ಇನ್ನೊಬ್ಬರ ಮಗುವಿಗೆ ಪರೀಕ್ಷೆ ಇದೆ ಎಂದಾಗ ಬದಲಿ ಸಿಗದಿದ್ದರೆ, ವಾರವಿಡೀ ಕಾದಿದ್ದ ಮಗು ಮನೆಗೆ ಮರಳಬೇಕಾಗುತ್ತದೆ.

ಪಕ್ಕದಲ್ಲಿ ನಡೆಯುವುದು ಸುಲಭವೆಂದು ತೋರುತ್ತದೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮರಳಿನ ಮೇಲೆ ಕುದುರೆಯ ವೇಗಕ್ಕೆ ಹೆಜ್ಜೆ ಹಾಕುತ್ತಾ, ತೋಳನ್ನು ಎತ್ತಿ ಹಿಡಿದಿರುವುದು ಮೈನೋವಿನ ಕೆಲಸ. ಅದಕ್ಕಿಂತ ಕಷ್ಟದ್ದು, ಬಾಯಿ ಹಿಡಿದಿಟ್ಟುಕೊಳ್ಳುವುದು. ಬೋಧಕರು ‘ಲಗಾಮು ಎಳೆದು ಕುದುರೆ ನಿಲ್ಲಿಸು’ ಎಂದು ಹೇಳುತ್ತಾರೆ. ಆ ಮಾತು ಮಗುವಿನ ಕಿವಿಯಿಂದ ಮನಸ್ಸಿಗೆ, ಮನಸ್ಸಿನಿಂದ ಕೈಗೆ ಇಳಿಯಲು ಹತ್ತು ಸೆಕೆಂಡು ಹಿಡಿಯಬಹುದು. ಪಕ್ಕದವರು ಕನಿಕರಪಟ್ಟು ತಾವೇ ಕೈ ಹಾಕಿದರೆ ಆ ದಿನದ ಪಾಠ ಅಲ್ಲಿಗೇ ಮುಗಿಯಿತು. ಸಹಾಯ ಮಾಡದೆ ಜೊತೆಯಲ್ಲಿರುವುದನ್ನು ಕಲಿಯಲು ಹೊಸ ಸ್ವಯಂಸೇವಕರಿಗೆ ತಿಂಗಳುಗಳೇ ಬೇಕಾಗುತ್ತವೆ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಜನ ಅವನ್ನು ಒಂದೇ ಎಂದು ತಿಳಿಯುತ್ತಾರೆ. ಒಂದು, ಸವಾರಿಯನ್ನೇ ಕಲಿಸುವುದು. ಅದನ್ನು ನಡೆಸುವವರು ತರಬೇತಿ ಪಡೆದ ಸವಾರಿ ಬೋಧಕರು. ಗುರಿ ಮಗು ಸವಾರನಾಗುವುದು. ಇನ್ನೊಂದು, ಹಿಪ್ಪೋಥೆರಪಿ. ಅಲ್ಲಿ ಪರವಾನಗಿ ಇರುವ ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ವಾಕ್ ಚಿಕಿತ್ಸಕರು ಕುದುರೆಯ ನಡಿಗೆಯನ್ನು ತಮ್ಮ ಚಿಕಿತ್ಸೆಯ ಒಂದು ಸಾಧನವಾಗಿ ಬಳಸುತ್ತಾರೆ. ಒಳ್ಳೆಯ ಸಂಸ್ಥೆಯವರು ತಾವು ಯಾವುದನ್ನು ಮಾಡುತ್ತಿದ್ದೇವೆ ಎಂಬುದನ್ನು ಪೋಷಕರಿಗೆ ಮೊದಲ ದಿನವೇ ಸ್ಪಷ್ಟವಾಗಿ ಹೇಳುತ್ತಾರೆ.

ಗುಣವಾಗುತ್ತದೆಯೇ?

ಕುದುರೆ ನಡೆಯುವಾಗ ಅದರ ಬೆನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ ಆಡುತ್ತದೆ. ಮೇಲೆ ಕೂತವರ ಸೊಂಟವೂ ಅದರೊಂದಿಗೆ ಆಡುತ್ತದೆ. ಮನುಷ್ಯ ತನ್ನ ಕಾಲಿನ ಮೇಲೆ ನಡೆಯುವಾಗ ಸೊಂಟ ಆಡುವ ರೀತಿಗೆ ಇದು ಬಹಳ ಹತ್ತಿರ. ಹೆಜ್ಜೆಯಿಟ್ಟು ನಡೆಯಲಾಗದ ಮಗುವಿನ ಬೆನ್ನು, ಹೊಟ್ಟೆ, ಕತ್ತಿನ ಸ್ನಾಯುಗಳು ಅರ್ಧ ಗಂಟೆಯಲ್ಲಿ ಸಾವಿರಾರು ಬಾರಿ ತಮ್ಮನ್ನು ಸರಿಪಡಿಸಿಕೊಂಡು ಸಮತೋಲ ಕಾಯಬೇಕಾಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಕೂರುವ ಭಂಗಿ, ಸಮತೋಲಗಳು ಇದರಿಂದ ಸುಧಾರಿಸುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಆಟಿಸಂ ಕುರಿತು ಅಮೆರಿಕದ ಕೊಲರಾಡೊದಲ್ಲಿ ರಾಬಿನ್ ಗೇಬ್ರಿಯಲ್ಸ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. 6ರಿಂದ 16 ವರ್ಷದ 127 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 10 ವಾರ ಸವಾರಿ. ಇನ್ನೊಂದು ಗುಂಪಿನವರು ಅದೇ ಕೇಂದ್ರದಲ್ಲಿ ಕುದುರೆಗಳ ವಿಷಯ ಕಲಿತರು, ಕುದುರೆಯನ್ನು ಮಾತ್ರ ಮುಟ್ಟಲಿಲ್ಲ. ಸವಾರಿ ಮಾಡಿದವರಲ್ಲಿ ಸಿಡುಕು, ಅತಿಚಟುವಟಿಕೆ ಹೆಚ್ಚು ತಗ್ಗಿದ್ದವು. ಬಳಸುವ ಪದಗಳ ಸಂಖ್ಯೆಯೂ ಏರಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಸೆರೆಬ್ರಲ್ ಪಾಲ್ಸಿಯಾಗಲಿ ಆಟಿಸಂ ಆಗಲಿ ಕುದುರೆಯಿಂದ ವಾಸಿಯಾಗುವುದಿಲ್ಲ. ಮಗುವಿನ ಬದುಕಿಗೆ ಬಲ, ಸಮತೋಲ, ಸಂತೋಷ, ಆತ್ಮವಿಶ್ವಾಸ ಕೂಡಬಹುದು. ಸದಾ ಗಾಲಿಕುರ್ಚಿಯಲ್ಲಿ ಕೂತು ಎಲ್ಲರನ್ನೂ ತಲೆಯೆತ್ತಿ ನೋಡುವ ಮಗು, ಅಷ್ಟು ಹೊತ್ತು ಎಲ್ಲರನ್ನೂ ಮೇಲಿನಿಂದ ನೋಡಬಹುದು. ಇದು ಸಣ್ಣ ಲಾಭವಲ್ಲ. ಕೆಲವರ ಪಾಲಿಗೆ ಇದೇ ಬದುಕಿನ ದಾರಿಯೂ ಆಗಿದೆ: ಅಂಗವೈಕಲ್ಯವಿರುವವರ ಡ್ರೆಸಾಜ್ 1996ರ ಅಟ್ಲಾಂಟ ಪ್ಯಾರಾಲಿಂಪಿಕ್ಸ್‌ನಲ್ಲಿ ಸೇರಿತು, ಕೈಕಾಲಿನ ಕೀಲುಗಳೇ ಹುಟ್ಟಿನಿಂದ ಬಿಗಿದಿದ್ದ ಬ್ರಿಟನ್ನಿನ ಲೀ ಪಿಯರ್‌ಸನ್ ಅದರಲ್ಲಿ 14 ಚಿನ್ನ ಗೆದ್ದಿದ್ದಾರೆ. ಆದರೆ ‘ಹತ್ತು ಸವಾರಿಯಲ್ಲಿ ಮಗು ನಡೆಯುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

‘ಬೇಡ’ ಎನ್ನುವ ಹೊಣೆ

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಎಲ್ಲ ಮಕ್ಕಳಿಗೂ ಸವಾರಿ ಹೊಂದುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುತ್ತದೆ. ಕುದುರೆಯ ಕುಲುಕಾಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಬಹುದು. ಹತೋಟಿಗೆ ಬಾರದ ಮೂರ್ಛೆ, ಸ್ಥಾನ ತಪ್ಪಿದ ತೊಡೆಕೀಲು, ತೀರ ಡೊಂಕಾದ ಬೆನ್ನೆಲುಬು, ಸುಲಭವಾಗಿ ಮುರಿಯುವ ಮೂಳೆ ಇದ್ದರೂ ಅಪಾಯ. ಆದ್ದರಿಂದ ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಒಳ್ಳೆಯ ಕೇಂದ್ರಗಳು ಯಾರನ್ನೂ ಕುದುರೆ ಹತ್ತಿಸುವುದಿಲ್ಲ. ಬಹಳ ದೂರದಿಂದ ಆಸೆ ಹೊತ್ತು ಬಂದ ತಾಯಿಯ ಮುಂದೆ ನಿಂತು ‘ಇವಳಿಗೆ ಸವಾರಿ ಬೇಡಮ್ಮ, ನೆಲದ ಮೇಲೆ ನಿಂತೇ ಕುದುರೆಗೆ ಮೈ ತಿಕ್ಕಲಿ, ಮೇವು ತಿನ್ನಿಸಲಿ’ ಎನ್ನುವುದು ಸುಲಭವಲ್ಲ. ಅದನ್ನು ಹೇಳಬಲ್ಲವರೇ ಮಗುವಿನ ನಿಜವಾದ ಹಿತೈಷಿಗಳು.

ಕುದುರೆಯ ವಿಷಯದಲ್ಲೂ ಹಾಗೆಯೇ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಹಾಗಾಗಿ ಬೆಳೆದ ಹುಡುಗ ತನ್ನ ಅಚ್ಚುಮೆಚ್ಚಿನ ಕುಳ್ಳ ಕುದುರೆಯನ್ನು ಬಿಡಬೇಕಾದ ದಿನವೂ ಬರುತ್ತದೆ. ಇನ್ನು ಈ ಕೆಲಸ ಮಾಡುವ ಕುದುರೆಗೆ ಅಪಾರ ತಾಳ್ಮೆ ಬೇಕು. ಒಂದೇ ಕಡೆ ವಾಲಿ ಕೂರುವ ಸವಾರ, ಹಠಾತ್ ಕಿರುಚು, ಎರಡೂ ಪಕ್ಕಕ್ಕೆ ಅಂಟಿ ನಡೆಯುವ ಜನ, ಗಾಲಿಕುರ್ಚಿಯ ಸದ್ದು, ಎಲ್ಲವನ್ನೂ ಅದು ಸಹಿಸಬೇಕು. ಸಹಿಸಿ ಸಹಿಸಿ ದಣಿದಾಗ ಅದು ಬಾಯಿಬಿಟ್ಟು ಹೇಳುವುದಿಲ್ಲ. ಕಿವಿ ಹಿಂದಕ್ಕೆ ಒತ್ತುತ್ತದೆ, ಬಾಲ ಬೀಸುತ್ತದೆ, ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ, ಲಾಯದ ಮೂಲೆಗೆ ಮುಖ ಮಾಡಿ ನಿಲ್ಲುತ್ತದೆ. ಲಾಯದ ಉಸ್ತುವಾರಿ ನೋಡುವವರು ಇದನ್ನು ಗುರುತಿಸಿ ‘ಈ ವಾರ ಇದಕ್ಕೆ ರಜೆ’ ಎಂದರೆ, ಪಾಠದ ವೇಳಾಪಟ್ಟಿ ಎಷ್ಟೇ ಕೆಡಲಿ, ಅದೇ ಕೊನೆಯ ಮಾತಾಗಬೇಕು.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ ಪಕ್ಕದ ಫೋರ್ಟ್ ಮಾಯರ್ ಸೇನಾ ನೆಲೆಯನ್ನು ನೋಡಬಹುದು. ಆರ್ಲಿಂಗ್ಟನ್ ಸ್ಮಶಾನಕ್ಕೆ ಯೋಧರ ಶವಪೆಟ್ಟಿಗೆಯ ಗಾಡಿ ಎಳೆಯುವ ಕುದುರೆಗಳ ಲಾಯ ಅಲ್ಲಿದೆ. ಇರಾಕ್, ಅಫ್ಘಾನಿಸ್ತಾನದಲ್ಲಿ ಕೈಕಾಲು ಕಳೆದುಕೊಂಡ ಯೋಧರಿಗಾಗಿ 2006ರಲ್ಲಿ ಅವೇ ಕುದುರೆಗಳ ಮೇಲೆ ಸವಾರಿ ಆರಂಭವಾಯಿತು. ಅದನ್ನು ಶುರು ಮಾಡಿದ ಲ್ಯಾರಿ ಪೆನ್ಸ್ ಮತ್ತು ಮೇರಿ ಜೋ ಬೆಕ್‌ಮನ್ ಇಬ್ಬರೂ ಸೇನಾ ಸೇವೆಯಿಂದ ನಿವೃತ್ತರಾದವರು. ತುಂಬಾ ಒಳ್ಳೆಯ ಕೆಲಸವದು. ಆದರೆ ಅದೇ ಲಾಯದಲ್ಲಿ 2022ರ ಫೆಬ್ರವರಿಯಲ್ಲಿ ನಾಲ್ಕೇ ದಿನಗಳ ಅಂತರದಲ್ಲಿ ಎರಡು ಕುದುರೆಗಳು ಸತ್ತವು. ಕಳಪೆ ಮೇವು, ಮರಳು ಸೇರಿದ ಹೊಟ್ಟೆ, ಇಕ್ಕಟ್ಟಾದ ಜಾಗ ಎಲ್ಲ ಬೆಳಕಿಗೆ ಬಂದು, ಮರುವರ್ಷ ಶವಯಾತ್ರೆಗೆ ಕುದುರೆಗಳ ಬಳಕೆಯನ್ನೇ ಸೇನೆ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಘನವಾದ ಉದ್ದೇಶ ಕುದುರೆಯ ಹೊಟ್ಟೆ ತುಂಬಿಸುವುದಿಲ್ಲ. ದಿನವೂ ಯಾರೋ ಮೇವನ್ನು ಮೂಸಿ ನೋಡಬೇಕು.

ಹಣದ ಮಾತು

ಲಾಭರಹಿತ ಎಂದರೆ ಎಲ್ಲವೂ ಪುಕ್ಕಟೆ, ಯಾರಿಗೂ ಸಂಬಳವಿಲ್ಲ ಎಂದಲ್ಲ. ಉಳಿದ ಹಣವನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ಅದೇ ಕೆಲಸಕ್ಕೆ ಹಾಕಬೇಕು ಎಂದಷ್ಟೇ ಅರ್ಥ. ಬೋಧಕರಿಗೆ, ಲಾಯದವರಿಗೆ ನ್ಯಾಯವಾದ ಸಂಬಳ ಕೊಡುವುದು ಸಂಸ್ಥೆಯ ಕರ್ತವ್ಯ.

ಖರ್ಚಿನ ಲೆಕ್ಕ ನೋಡಿ. ಐದು ಕ್ವಿಂಟಲ್ ತೂಗುವ ಕುದುರೆ ದಿನಕ್ಕೆ ಎಂಟು ಹತ್ತು ಕಿಲೊ ಒಣಮೇವು ತಿನ್ನುತ್ತದೆ, ಇಪ್ಪತ್ತೈದು ಮೂವತ್ತು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು, ವರ್ಷವರ್ಷ ಹಲ್ಲು ನೋಡಿಸಬೇಕು, ಲಸಿಕೆ ಹಾಕಿಸಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಕೆಟ್ಟರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಪ್ರಾಣ ಹೋಗಬಹುದು. ಹಬ್ಬವಿರಲಿ ಮಳೆಯಿರಲಿ, ಪಾಠ ನಿಲ್ಲಬಹುದು, ಲದ್ದಿ ಎತ್ತುವುದು ನಿಲ್ಲುವುದಿಲ್ಲ. ಕುದುರೆ 25–30 ವರ್ಷ ಬದುಕುತ್ತದೆ. ಬೆನ್ನು ಸೋತು ಸವಾರಿಗೆ ಬಾರದಾದ ಮೇಲೂ ಅದಕ್ಕೆ ಅನ್ನವಿಡಬೇಕಲ್ಲ? ಮುದಿ ಕುದುರೆಗೆ ಮೊದಲೇ ಹಣ ತೆಗೆದಿಟ್ಟಿರುವ ಆಡಳಿತ ಮಂಡಳಿಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಇದನ್ನೆಲ್ಲ ಮಕ್ಕಳ ಶುಲ್ಕದಿಂದ ತೂಗಿಸಲಾಗುವುದಿಲ್ಲ. ಪೂರ್ತಿ ಖರ್ಚನ್ನು ಶುಲ್ಕಕ್ಕೆ ಹಾಕಿದರೆ ಬಡವರ ಮಕ್ಕಳಿಗೆ ಬಾಗಿಲು ಮುಚ್ಚಿದಂತೆ. ಆದ್ದರಿಂದ ಸಂಸ್ಥೆಯ ಮುಖ್ಯಸ್ಥರ ಅರ್ಧ ಸಮಯ ದೇಣಿಗೆ ಕೇಳುವುದರಲ್ಲಿ, ಅರ್ಜಿ ಬರೆಯುವುದರಲ್ಲಿ, ಊರವರನ್ನು ಕರೆದು ಸಂತರ್ಪಣೆ ಕೂಟ ನಡೆಸುವುದರಲ್ಲಿ ಕಳೆಯುತ್ತದೆ. ಒಂದು ಕುದುರೆಯ ವರ್ಷದ ಖರ್ಚನ್ನು ಒಂದು ಕುಟುಂಬ ವಹಿಸಿಕೊಳ್ಳುವ ರೂಢಿಯೂ ಇದೆ. ಇಲ್ಲೂ ‘ಬೇಡ’ ಎನ್ನಬೇಕಾಗುತ್ತದೆ. ಕುಂಟು ಬಿದ್ದ ಕುದುರೆಯನ್ನು ಮನೆಯಿಂದ ಸಾಗಹಾಕಲು ‘ದಾನ’ ಕೊಡಬರುವವರಿರುತ್ತಾರೆ. ದಾನದ ಜೊತೆಗೆ ಮಕ್ಕಳ ಫೋಟೊ ಬೇಕೆನ್ನುವವರಿರುತ್ತಾರೆ. ತಮ್ಮ ಕಷ್ಟವನ್ನು ಊರಿಗೆಲ್ಲ ತೋರಿಸಲು ಆ ಮಕ್ಕಳು ಕುದುರೆ ಹತ್ತಿರುವುದಿಲ್ಲ.

ಒಂದು ಅಪಾಯವನ್ನೂ ಹೇಳಬೇಕು. ಇಂಥ ಸಂಸ್ಥೆಗಳು ಸಾಮಾನ್ಯವಾಗಿ ಒಬ್ಬರ ಛಲದಿಂದ ಹುಟ್ಟುತ್ತವೆ. ಅವರೇ ಬೋಧಕರು, ಅವರೇ ಖಜಾಂಚಿ, ನಡುರಾತ್ರಿ ಕುದುರೆಯ ಹೊಟ್ಟೆಶೂಲೆಗೆ ಎದ್ದು ಓಡುವವರೂ ಅವರೇ. ಅವರ ಮೈ ಸೋತ ದಿನ ಸಂಸ್ಥೆಯೂ ಸೋಲುತ್ತದೆ. ದಶಕಗಳ ಕಾಲ ಉಳಿದು ಬಂದ ಕೇಂದ್ರಗಳೆಲ್ಲ ಹೊಣೆಯನ್ನು ಸಕಾಲದಲ್ಲಿ ಹತ್ತು ಕೈಗೆ ದಾಟಿಸಿದವು.

ನಮ್ಮ ಕಡೆ

ಕುದುರೆ ಕರ್ನಾಟಕಕ್ಕೆ ಹೊಸದಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಬಂದದ್ದು. ಬೆಂಗಳೂರು, ಮೈಸೂರುಗಳಲ್ಲಿ ರೇಸ್ ಇದೆ, ಸವಾರಿ ಶಾಲೆಗಳಿವೆ. ಬೆಂಗಳೂರಿನಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಕುದುರೆಯ ಒಡನಾಟ ಕೊಡುವ ಪ್ರಯತ್ನಗಳೂ ನಡೆದಿವೆ. ರೇಸ್ ಬಿಟ್ಟ ಕುದುರೆಗಳನ್ನೆಲ್ಲ ಇದಕ್ಕೆ ಬಳಸಬಹುದಲ್ಲ ಎಂದು ಹಲವರಿಗೆ ಅನ್ನಿಸುತ್ತದೆ. ಓಡಲೆಂದೇ ಬೆಳೆಸಿದ ಆ ತಳಿ ಎತ್ತರ, ಚುರುಕು, ಸುಲಭಕ್ಕೆ ಬೆಚ್ಚುವಂಥದು. ಅವುಗಳಲ್ಲಿ ಕೆಲವು ದೀರ್ಘ ತರಬೇತಿಯ ನಂತರ ಒಗ್ಗಿಕೊಳ್ಳಬಹುದು, ಹೆಚ್ಚಿನವು ಒಗ್ಗಲಾರವು. ಇಲ್ಲೂ ಆರಿಸುವವರ ವಿವೇಕವೇ ಮುಖ್ಯ.

ಕಾನೂನಿನ ದಾರಿ ಸ್ಪಷ್ಟವಾಗಿದೆ. ಟ್ರಸ್ಟ್ ಆಗಿ, ಸಂಘವಾಗಿ, ಅಥವಾ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನಡಿ ಲಾಭರಹಿತ ಕಂಪನಿಯಾಗಿ ನೋಂದಾಯಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ; ಸೆರೆಬ್ರಲ್ ಪಾಲ್ಸಿ, ಆಟಿಸಂ ಎರಡೂ ಅದರಲ್ಲಿವೆ. ವಿಕಲಚೇತನರಿಗೆ ಆಟ, ಮನರಂಜನೆಯ ಅವಕಾಶವನ್ನೂ ಆ ಕಾಯ್ದೆ ಹಕ್ಕಿನ ಮಾತಾಗಿಯೇ ಕಾಣುತ್ತದೆ. ನಮಗೆ ಕಡಿಮೆ ಇರುವುದು ತರಬೇತಿ ಪಡೆದ ಬೋಧಕರು ಮತ್ತು ಪ್ರತಿ ವಾರ ತಪ್ಪದೆ ಬರುವ ಸ್ವಯಂಸೇವಕರು. ಊಟ ಹಾಕಿಸುವ, ಬಟ್ಟೆ ಹಂಚುವ ದಾನ ನಮಗೆ ರೂಢಿಯಲ್ಲಿದೆ. ವರ್ಷವಿಡೀ, ಅದೇ ವಾರ, ಅದೇ ಹೊತ್ತಿಗೆ, ಅದೇ ಮಗುವಿನ ಪಕ್ಕದಲ್ಲಿ ನಡೆಯುವ ದಾನ ಇನ್ನೂ ರೂಢಿಯಾಗಬೇಕು.

ಓದುಗರಲ್ಲಿ ಯಾರಾದರೂ ಮಗುವನ್ನು ಇಂಥ ಕೇಂದ್ರಕ್ಕೆ ಕರೆದೊಯ್ಯುವುದಾದರೆ ಮೊದಲು ಇಷ್ಟನ್ನು ಕೇಳಿ. ವೈದ್ಯರ ಒಪ್ಪಿಗೆ ಪತ್ರ ಕೇಳುತ್ತಾರೆಯೇ? ಕಲಿಸುವವರ ತರಬೇತಿ ಎಲ್ಲಿಯದು? ತಲೆಗೆ ಹೆಲ್ಮೆಟ್, ಬಿದ್ದರೆ ಕಾಲು ಸಿಕ್ಕಿಕೊಳ್ಳದ ರಿಕಾಪು, ಹತ್ತಲು ಇಳಿಜಾರು ಕಟ್ಟೆ ಇವೆಯೇ? ಒಂದು ಕುದುರೆಗೆ ದಿನಕ್ಕೆ ಎಷ್ಟು ಪಾಠ, ವಾರಕ್ಕೆ ಎಷ್ಟು ರಜೆ? ಮುದಿಯಾದ ಕುದುರೆಗಳು ಎಲ್ಲಿವೆ? ಕೊನೆಯದಾಗಿ, ನೀವು ಯಾರಿಗೆ ಸವಾರಿ ಬೇಡ ಎನ್ನುತ್ತೀರಿ? ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರ ಕೈಗೆ ಮಗುವನ್ನು ಧೈರ್ಯವಾಗಿ ಒಪ್ಪಿಸಿ.

ನಿಮ್ಮ ಮಗಳಿಗೆ ನಮ್ಮೆಲ್ಲರ ಅಭಿನಂದನೆ ತಿಳಿಸಿ. ಮುಂದಿನ ಬಾರಿ ನೀವು ಅಲ್ಲಿಗೆ ಹೋದಾಗ ಒಂದು ಶನಿವಾರ ಅವಳ ಜೊತೆ ಹೋಗಿ ಬನ್ನಿ. ಕುದುರೆಯ ಪಕ್ಕ ನಡೆಯಲು ಆಗದಿದ್ದರೂ ಮೈ ತಿಕ್ಕುವ, ಜೀನು ಒರೆಸುವ, ಬಂದ ಪೋಷಕರ ಜೊತೆ ಕೂತು ಮಾತಾಡುವ ಕೆಲಸ ಅಲ್ಲಿ ಯಾವಾಗಲೂ ಇರುತ್ತದೆ, ಅದಕ್ಕೆ ವಯಸ್ಸಿನ ಮಿತಿಯಿಲ್ಲ.